ಹನ್ನೊಂದು ಮೀಟರ್ ಹಗ್ಗ

ನಮೂನೆ ಏಳರಲ್ಲಿ ಹದಿನಾಲ್ಕು ಅಂಕಣ.
ಕಟ್ಟಿದ ವರ್ಷ, ಕಟ್ಟಿದ ಸಾಮಗ್ರಿ, ಮಾಳಿಗೆ ಎಷ್ಟು,
ಮರಗೆತ್ತನೆ ಮೂಲದ್ದೋ ಆಮೇಲಿನದೋ,
ಕೊನೆಗೆ, ಬೆರಳಗಲದ ಜಾಗದಲ್ಲಿ: ಬೀದಿಯ ಗುಣ.

ತ್ಬಿಲಿಸಿಯ ಸೊಲೊಲಾಕಿ ಗುಡ್ಡದ ಬುಡದಲ್ಲಿ
ಹೆಣ್ಣು ನೋಡಲು ಬಂದವರ ಹಾಗೆ
ಮನೆಯಿಂದ ಮನೆಗೆ ನಡೆದೆವು, ನಾನು ಮತ್ತು ತಮಾಜ್.
ಎತ್ತರ ಬರೆದುಕೊಂಡೆವು. ಬಣ್ಣ ಬರೆದುಕೊಂಡೆವು.
ಹಲ್ಲು ಎಣಿಸುವಂತೆ ಕಟಾಂಜನದ ಸರಳು ಎಣಿಸಿದೆವು:
ನಲವತ್ತೊಂದರಲ್ಲಿ ಒಂಬತ್ತು ಉದುರಿವೆ,
ಎರಡರ ಜಾಗದಲ್ಲಿ ಸ್ಕೀ ಕೋಲು.
"ಕೋಲು ಮೂಲದ್ದೇ?" ತಮಾಜ್ ಕೇಳಿದ, ನಗದೆ.

ಅಂಗಳ ಸಂಖ್ಯೆ ಹದಿನೇಳು.
ಬಾಗಿಲ ಪಕ್ಕ ಏಳು ಕರೆಗಂಟೆ. ಅಂಟಿಸಿದ ಹೆಸರಿನ ಕೆಳಗೆ
ಇನ್ನೊಂದು ಹೆಸರು, ಬೇರೆ ಲಿಪಿಯಲ್ಲಿ;
ಅದರ ಕೆಳಗೆ ಮೊಳೆಯಿಂದ ಕೆರೆದು ತೆಗೆದದ್ದು.
ಒಳಗೆ ಮೂರು ಕಡೆ ಮರದ ಮೊಗಸಾಲೆ,
ನಡುವೆ ಎಲ್ಲರಿಗೂ ಒಂದೇ ನಲ್ಲಿ, ಅದರ ಪಕ್ಕದ ದ್ರಾಕ್ಷಿ ಬಳ್ಳಿ
ಯಾರ ಅಪ್ಪಣೆಯನ್ನೂ ಕೇಳದೆ ಎರಡನೇ ಮಾಳಿಗೆಗೆ ಹೋಗಿದೆ.

ಗುಲಿಕೋ ಅವರ ಅಡುಗೆಮನೆಯ ಕಿಟಕಿ.
ಆರು ಚೌಕದಲ್ಲಿ ಐದು ಗಾಜು, ಒಂದು ತಗಡು,
ತಗಡಿನ ನಡುವೆ ಮುಷ್ಟಿ ಗಾತ್ರದ ತೂತು.
ನಾನು ಬರೆದೆ: ಹಾನಿ.
ಆಕೆ ನನ್ನ ಭುಜದ ಮೇಲಿಂದ ಓದಿದರು.
"ಹಾನಿಯಲ್ಲ ಗೊಗೊ, ಅದು ಒಲೆಯ ಕೊಳವೆಯ ದಾರಿ.
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ
ಪಿಯಾನೋ ಸುಟ್ಟೆವು, ಮೊದಲು ಮುಚ್ಚಳ, ಆಮೇಲೆ ಕಾಲು.
ಹೊಗೆ ಎಲ್ಲಿಂದಾದರೂ ಹೋಗಬೇಕಲ್ಲ?"
ಹಾನಿಯನ್ನು ಹೊಡೆದುಹಾಕಿದೆ. ಬದಲಿಗೆ ಏನು ಬರೆಯಲಿ?
ತೂತಿಗೆ ವರ್ಷವಿದೆ. ಸಾಮಗ್ರಿ ಇಲ್ಲ.

ಕೆಳಗಿನ ಬೀದಿಯನ್ನು ಹೋದ ವರ್ಷ ಉಳಿಸಿದೆವು.
ಆ ತಂಡದಲ್ಲಿ ನಾನೂ ಇದ್ದೆ, ಸುಳ್ಳೇಕೆ.
ಹಳೆಯದರ ಹಾಗೆಯೇ ಹೊಸದಾಗಿ ಕಡೆದ ಕೆತ್ತನೆ,
ಪಿಸ್ತಾ ಬಣ್ಣ, ಬಾಗಿಲಿಗೆ ಹಿತ್ತಾಳೆಯ ಹಿಡಿ.
ಈಗ ಅಲ್ಲಿ ಸಂಜೆ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ,
ಕಲ್ಲುಹಾಸಿನ ಮೇಲೆ ಗಾಲಿಪೆಟ್ಟಿಗೆಗಳ ಕಟಕಟ ಮಾತ್ರ.
ಬೀದಿಯ ಗುಣ ಉತ್ತಮ, ಎನ್ನುತ್ತದೆ ವರದಿ.
ಸಹಿ ನನ್ನದೇ.

ಇನ್ನು ಹಗ್ಗ.
ಗುಲಿಕೋ ಅವರ ಮೊಗಸಾಲೆಯಿಂದ ಎದುರಿನ
ಅರ್ಷಲೂಯ್ಸರ ಮೊಗಸಾಲೆಗೆ, ಎರಡು ರಾಟೆಗಳ ಮೇಲೆ
ಬಟ್ಟೆ ಒಣಗಿಸುವ ಹಗ್ಗ. ಅಳೆದೆವು: ಹನ್ನೊಂದು ಮೀಟರ್.
ಗುಲಿಕೋ ಅವರದು ಎರಡನೇ ದರ್ಜೆ, ಉಳಿಯುತ್ತದೆ.
ಅರ್ಷಲೂಯ್ಸರದು ನಾಲ್ಕನೆಯದು, ಗೋಡೆ ಬಿರಿದಿದೆ,
ಮಾಗಿಯಲ್ಲೇ ಖಾಲಿ ಮಾಡಿಸಿದ್ದಾರೆ.
ಆಕೆ ಈಗ ಗ್ಲ್ದಾನಿಯ ಒಂಬತ್ತನೇ ಮಾಳಿಗೆಯಲ್ಲಿ.
ಬಟ್ಟೆ ಒಣಗಿಸಲು ಯಂತ್ರವಿದೆಯಂತೆ.

ಹಗ್ಗ ಯಾವ ಮನೆಯ ಲೆಕ್ಕಕ್ಕೆ?
ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂದು ಬರೆದರೆ
ಐದೂವರೆ ಮೀಟರ್ ಗಾಳಿಯಲ್ಲಿ ಹೇಗೆ ನಿಂತೀತು?
ಮೇಲಧಿಕಾರಿಗೆ ಫೋನು ಮಾಡಿದೆ. "ಹಗ್ಗ ಕಟ್ಟಡವಲ್ಲ," ಎಂದರು.
ನಿಜ.
ಕಟ್ಟಿದ್ದು ಹೌದು, ಕಟ್ಟಡವಲ್ಲ.

ಬಿರುಕಿನ ಅಗಲ ನೋಡಲು ಎದುರು ಮನೆ ಹತ್ತಿದೆ.
ಕ್ಲಿಪ್ಪಿನ ಬುಟ್ಟಿ ಇನ್ನೂ ಮೊಳೆಯಲ್ಲೇ ನೇತಾಡುತ್ತಿತ್ತು.
ಆಚೆಯಿಂದ ಗುಲಿಕೋ: "ಯಾರದು? ಗೊಗೊ, ನೀನಾ?
ರಾಟೆ ಸಿಕ್ಕಿಕೊಂಡಿದೆ, ಚೂರು ಎಳಿ!"
ಒಂದು ಕೈಯಲ್ಲಿ ಅಳತೆಪಟ್ಟಿ. ಇನ್ನೊಂದರಿಂದ ಎಳೆದೆ.
ಕಿರಕ್ಕೆಂದಿತು ರಾಟೆ. ಒಂದೊಂದೇ ಬಂದವು ನನ್ನ ಕಡೆಗೆ
ದಿಂಬಿನ ಚೀಲ, ನೀಲಿ ಏಪ್ರನ್, ಗಂಡಸಿನ ಒಂಟಿ ಕಾಲುಚೀಲ,
ಕೊನೆಗೆ ಒದ್ದೆ ಹೊದಿಕೆ. ಭಾರಕ್ಕೆ ಹಗ್ಗ ಬಾಗಿ
ದ್ರಾಕ್ಷಿ ಎಲೆಗೆ ತಾಗಿತು.
"ಸಾಕು, ಸಾಕು!" ಕೂಗಿದರು ಆಕೆ.
"ಅರ್ಷಲೂಯ್ಸ್ ಇಷ್ಟು ಜೋರಾಗಿ ಎಳೆಯುತ್ತಿರಲಿಲ್ಲ."